ಸಹಾಯ ಬೇಕು: ಮೆಡ್‌ವೇ ಕ್ವೀನ್ ಹಡಗಿನಲ್ಲಿ ಸಮುದಾಯ ಪರಂಪರೆ ಕೇಂದ್ರ

ಎಲ್ಲರಿಗೂ ನಮಸ್ಕಾರ. ಇಂಗ್ಲೆಂಡಿನ ಕೆಂಟ್‌ನಲ್ಲಿರುವ ಗಿಲ್ಲಿಂಗ್‌ಹ್ಯಾಮ್‌ನಲ್ಲಿ 'ಮೆಡ್‌ವೇ ಕ್ವೀನ್' ಎಂಬ ಹಳೆಯ ಉಗಿಹಡಗು ಲಂಗರು ಹಾಕಿದೆ. ಇಕ್ಕೆಲಗಳ ದೊಡ್ಡ ಚಕ್ರಗಳಿಂದ ನೀರನ್ನು ತಳ್ಳಿ ಸಾಗುತ್ತಿದ್ದ ಈ ಹಡಗನ್ನು 1924ರಲ್ಲಿ ವಿಹಾರ ಪ್ರಯಾಣಕ್ಕೆಂದು ಕಟ್ಟಲಾಗಿತ್ತು. 1940ರಲ್ಲಿ, ಎರಡನೇ ಮಹಾಯುದ್ಧದ ವೇಳೆ, ಜರ್ಮನ್ ಸೇನೆಯಿಂದ ಸುತ್ತುವರಿಯಲ್ಪಟ್ಟ ಮಿತ್ರಪಡೆಗಳು ಸಿಲುಕಿದ್ದ ಫ್ರಾನ್ಸಿನ ಡಂಕರ್ಕ್ ತೀರಕ್ಕೆ ಅದು ಏಳು ಬಾರಿ ಹೋಗಿ ಸುಮಾರು 7,000 ಸೈನಿಕರನ್ನು ಪಾರುಮಾಡಿತು. ಮುಂದೆ ತುಕ್ಕು ಹಿಡಿದು ನಾಶದಂಚಿಗೆ ಬಂದಿದ್ದ ಅದರ ಒಡಲನ್ನು ಬ್ರಿಸ್ಟಲ್‌ನಲ್ಲಿ, ಬೆಸುಗೆಯ ಬದಲು ಹಿಂದಿನಂತೆಯೇ ರಿವೆಟ್ (ಉಕ್ಕಿನ ಹಾಳೆಗಳನ್ನು ಜೋಡಿಸುವ ಲೋಹದ ಮೊಳೆ) ಹೊಡೆದು, ಹೊಸದಾಗಿ ಕಟ್ಟಿ 2013ರಲ್ಲಿ ಊರಿಗೆ ಮರಳಿ ತರಲಾಯಿತು.

ಇದರೊಳಗೆ ಸ್ಥಳೀಯರ ನೆನಪುಗಳಿಗೂ ಶಾಲಾ ಮಕ್ಕಳ ಕಲಿಕೆಗೂ ಒಂದು ಕೇಂದ್ರವನ್ನು ರೂಪಿಸಬಹುದೆಂಬ ಪ್ರಸ್ತಾವನೆಯನ್ನು ನಾವು ಕೆಲವು ನಿವಾಸಿಗಳು ಸಿದ್ಧಪಡಿಸುತ್ತಿದ್ದೇವೆ. ನಮ್ಮನ್ನು ಹೆಚ್ಚು ಕಾಡುತ್ತಿರುವುದು ನೀರು. ಭರತ ಇಳಿತಗಳಿಗೆ ತಕ್ಕಂತೆ ಹಡಗು ಏರಿಳಿಯುವಲ್ಲಿ ಹಡಗನ್ನು ಹತ್ತಲು ಇರಿಸಿದ ಹಲಗೆಯ ಇಳಿಜಾರೂ ಬದಲಾಗುತ್ತದೆ. ಹೀಗಿರುವಾಗ ಗಾಲಿಕುರ್ಚಿಯವರು ಸುರಕ್ಷಿತವಾಗಿ ಒಳಬರುವಂತೆ ಮಾಡುವುದು ಹೇಗೆ? ಉಕ್ಕಿನ ಗೋಡೆಗಳ ಮೇಲೆ ಹನಿಗಟ್ಟುವ ತೇವದಿಂದ ಹಳೆಯ ಛಾಯಾಚಿತ್ರಗಳನ್ನು ಕಾಪಾಡುವ ಬಗೆ ಯಾವುದು? ಮೂಲಪ್ರತಿಗಳನ್ನು ದಡದಲ್ಲಿಯೇ ಇರಿಸಿ ಹಡಗಿನಲ್ಲಿ ನಕಲುಗಳನ್ನಷ್ಟೇ ತೋರಿಸುವುದು ಲೇಸೆಂದು ನನ್ನ ಅನಿಸಿಕೆ.

ಡಂಕರ್ಕ್‌ನಿಂದ ಪಾರಾದವರಲ್ಲಿ ಹೇಸರಗತ್ತೆಗಳ ಮೇಲೆ ಸೇನೆಯ ಸಾಮಗ್ರಿ ಸಾಗಿಸುತ್ತಿದ್ದ ತುಕಡಿಗಳ ಭಾರತೀಯ ಸೈನಿಕರೂ ಇದ್ದರು. ಅವರ ಕಥೆಗೂ ಇಲ್ಲಿ ಜಾಗ ಸಿಗಬೇಕೆಂಬುದು ನನ್ನ ಮನದಾಳದ ಆಸೆ. ವಸ್ತುಸಂಗ್ರಹಾಲಯ, ನೌಕಾ ತಂತ್ರಜ್ಞಾನ ಅಥವಾ ಮೌಖಿಕ ಇತಿಹಾಸದಲ್ಲಿ ಅನುಭವವುಳ್ಳವರು ದಯವಿಟ್ಟು ಇಲ್ಲಿಯೇ ಉತ್ತರಿಸಬೇಕಾಗಿ ವಿನಂತಿಸುತ್ತೇನೆ.