ಸಾಂಸ್ಕೃತಿಕ ವೈವಿಧ್ಯ ಅಂದ್ರೆ ವೇಷ ಹಾಕಿಸೋದಷ್ಟೇನಾ?

ಹಾಸನದ ಅಮ್ಮ:
ಮಗಳು ಏಳನೇ ತರಗತಿ. "ಸಾಂಸ್ಕೃತಿಕ ವೈವಿಧ್ಯ ಎಂದರೇನು" ಅಂತ ಒಂದು ಪುಟ ಬರೆದುಕೊಂಡು ಹೋಗಬೇಕಂತೆ. "ವಿವಿಧತೆಯಲ್ಲಿ ಏಕತೆ" ಅಂತ ಶುರು ಮಾಡಿದಳು, ಎರಡನೇ ಸಾಲಿಗೆ ಪೆನ್ನು ನಿಂತಿತು. ಹೋದ ವರ್ಷ ಶಾಲೆಯಲ್ಲಿ ಒಬ್ಬಳಿಗೆ ಕೊಡವ ಸೀರೆ ಉಡಿಸಿ, ಒಬ್ಬನಿಗೆ ಪಂಜಾಬಿ ಪೇಟ ಸುತ್ತಿ ಫೋಟೋ ತೆಗೆದಿದ್ದರು. "ಅಷ್ಟೇನಾ ಅಮ್ಮ?" ಅಂತ ಕೇಳ್ತಾಳೆ. ನಿಮ್ಮೂರಲ್ಲಿ ಕಣ್ಣಾರೆ ಕಂಡಿದ್ದು ಇದ್ದರೆ ಹೇಳ್ತೀರಾ?

ಮುದಗಲ್ ಹುಡುಗ:
ಅಕ್ಕಾ, ನಮ್ಮದು ರಾಯಚೂರು ಜಿಲ್ಲೆ. ನಮ್ಮ ಕಡೆ ಮೊಹರಂ ಬಂದರೆ ಇಡೀ ಊರೇ ಸೇರುತ್ತದೆ. ಎಷ್ಟೋ ಹಳ್ಳಿಯಲ್ಲಿ ಮುಸ್ಲಿಮರ ಮನೆ ಒಂದೋ ಎರಡೋ, ಕೆಲವು ಕಡೆ ಅದೂ ಇಲ್ಲ, ಆದರೂ ಅಲಾಯಿ ದೇವರು (ಮೊಹರಂನಲ್ಲಿ ಪೂಜಿಸೋ ಲೋಹದ ಪಂಜಾ) ಕೂರಿಸುತ್ತಾರೆ, ಕುಣಿ ತೋಡಿ ಬೆಂಕಿ ಹಾಕಿ ಸುತ್ತ ಹೆಜ್ಜೆ ಹಾಕುತ್ತಾರೆ, ಕರ್ಬಲಾ ಯುದ್ಧದಲ್ಲಿ ಪ್ರವಾದಿಯ ಮೊಮ್ಮಗ ಹುಸೇನ್ ಸತ್ತ ದುಃಖವನ್ನ ಕನ್ನಡದ ಪದಗಳಲ್ಲೇ ಹಾಡುತ್ತಾರೆ. ನಮ್ಮಜ್ಜಿ ಕೊರಳಲ್ಲಿ ಲಿಂಗ ಕಟ್ಟಿದವಳು. ನನಗೆ ಹುಷಾರಿಲ್ಲದಾಗ ಹರಕೆ ಹೊತ್ತು ಮೊಹರಂನಲ್ಲಿ ನನ್ನನ್ನ ಫಕೀರ ಮಾಡಿಸಿದಳು. ಗೋಧಿ ಹಿಟ್ಟಿಗೆ ಬೆಲ್ಲದ ನೀರು ಕಲಸಿ, ಕೆತ್ತನೆ ಇರೋ ಮಣೆ ಮೇಲೆ ಒತ್ತಿ ಚೊಂಗೆ ಮಾಡುತ್ತಿದ್ದಳು. ಆ ಮಣೆಯ ಗೆರೆಗಳಲ್ಲಿ ಹಿಟ್ಟು ಕೂತಿರುತ್ತಿತ್ತು, ಕಡ್ಡಿ ತಗೊಂಡು ಅದನ್ನ ತೆಗೆಯೋದು ನನ್ನ ಕೆಲಸ. ಇದು ಯಾರ ಹಬ್ಬ ಅಂತ ಅವಳು ಒಂದು ದಿನವೂ ಕೇಳಲಿಲ್ಲ.

ಯಲ್ಲಾಪುರ ಟೀಚರ್:
ಚೆನ್ನಾಗಿದೆ ತಮ್ಮಾ. ಆದರೆ ಬರೀ ಚೆಂದದ್ದನ್ನೇ ಬರೆಸಬೇಡಿ ಅಂತ ನನ್ನ ಬೇಡಿಕೆ. ನಮ್ಮ ಕಡೆ ಸಿದ್ದಿ ಜನ ಇದ್ದಾರೆ. ಅವರ ಹಿಂದಿನವರನ್ನು ಪೋರ್ಚುಗೀಸರ ಕಾಲದಲ್ಲಿ ಆಫ್ರಿಕಾದಿಂದ ಗುಲಾಮರಾಗಿ ತಂದರು. ಈಗ ಅವರಲ್ಲಿ ಹಿಂದೂ, ಮುಸ್ಲಿಂ, ಕ್ರೈಸ್ತ ಮೂವರೂ ಇದ್ದಾರೆ, ಮನೆಯಲ್ಲಿ ಕೊಂಕಣಿ, ಶಾಲೆಯಲ್ಲಿ ಕನ್ನಡ. ಉತ್ತರ ಕನ್ನಡದ ಸಿದ್ದಿಗಳು ಪರಿಶಿಷ್ಟ ಪಂಗಡದ ಪಟ್ಟಿಗೆ ಸೇರಿದ್ದೇ 2003ರಲ್ಲಿ. ಅವರ ಡಮಾಮಿ ಕುಣಿತಕ್ಕೆ ಜನ ಚಪ್ಪಾಳೆ ಹೊಡೆಯುತ್ತಾರೆ. ಅದೇ ಹುಡುಗ ಹುಬ್ಬಳ್ಳಿ ಬಸ್ ಹತ್ತಿದರೆ ಪಕ್ಕದ ಸೀಟು ಕೊನೆಯವರೆಗೂ ಖಾಲಿ ಇರುತ್ತದೆ. ನನ್ನ ಹಳೇ ವಿದ್ಯಾರ್ಥಿಯೊಬ್ಬ ಹೇಳಿದ್ದು ಇದು. ಯಾವ ದೇಶ ನಿಂದು ಅಂತ ವಾರಕ್ಕೊಮ್ಮೆಯಾದರೂ ಕೇಳುತ್ತಾರಂತೆ. ಕೇಳಿದ ರಾತ್ರಿ ನನಗೆ ನಿದ್ದೆ ಬರಲಿಲ್ಲ.

ಹಾಸನದ ಅಮ್ಮ:
ಇಬ್ಬರಿಗೂ ಥ್ಯಾಂಕ್ಸ್. ಮಗಳು ಮೊದಲಿನ ಸಾಲು ಹೊಡೆದು ಹಾಕಿದಳು. ಚೊಂಗೆ ಮಣೆ ಬರೆದಾಯ್ತು, ಈಗ ಆ ಖಾಲಿ ಸೀಟಿನ ಬಗ್ಗೆ ಬರೆಯುತ್ತಿದ್ದಾಳೆ. ಯಾವ ದೇಶ ಅಂತ ಕೇಳಿದವರಿಗೆ ಆ ಅಣ್ಣ ಏನು ಹೇಳ್ತಾನೆ ಅಂತ ಅವಳಿಗೆ ಗೊತ್ತಾಗಬೇಕಂತೆ.

ಯಲ್ಲಾಪುರ ಟೀಚರ್:
"ನಮ್ದು ಯಲ್ಲಾಪುರ, ನಿಮ್ದು ಯಾವೂರು?" ಅಂತ ಕೇಳ್ತಾನಂತೆ ಪುಟ್ಟಿ.