ಅಮ್ಮನಿಗೆ ಟಿಪಿಎನ್ ಹಾಕಿಸಲೇ, ಬೇಡವೇ?

ಬಸವನಗುಡಿಯವ:
ಅಮ್ಮನಿಗೆ 67. ಮೇದೋಜೀರಕ ಗ್ರಂಥಿಯ ಕ್ಯಾನ್ಸರ್, ಯಕೃತ್ತಿಗೂ ಹಬ್ಬಿದೆ. ಕಿಮೋ ನಿಲ್ಲಿಸಿ ಐದು ವಾರವಾಯಿತು. 58 ಕಿಲೋ ಇದ್ದವರು ಈಗ 39. ಬಳೆ ಮೊಣಕೈವರೆಗೆ ಜಾರುತ್ತದೆ ಎಂದು ತಾವೇ ತೆಗೆದು ಡಬ್ಬಿಗೆ ಹಾಕಿದರು. ಹಗಲೆಲ್ಲ ನಿದ್ದೆ. ಎರಡು ಚಮಚ ಗಂಜಿ ಕುಡಿದು ಗೋಡೆಯ ಕಡೆ ಹೊರಳುತ್ತಾರೆ. ಮೂರನೆಯ ಚಮಚ ನನ್ನ ಕೈಯಲ್ಲೇ ಆರುತ್ತದೆ.

ತುಮಕೂರಿನ ಸೋದರಮಾವ ದಿನವೂ ಫೋನ್ ಮಾಡಿ, "ಅಕ್ಕನನ್ನು ಉಪವಾಸ ಕೆಡವಿದ್ದೀಯಲ್ಲೋ" ಎನ್ನುತ್ತಾರೆ. ಒಂದು ಖಾಸಗಿ ಆಸ್ಪತ್ರೆಯವರು ಟಿಪಿಎನ್ (ರಕ್ತನಾಳದ ಮೂಲಕವೇ ಪೂರ್ತಿ ಆಹಾರ) ಹಾಕೋಣ, ಚೀಲಕ್ಕೆ ದಿನಕ್ಕೆ 6,500 ಎಂದರು. ಮನೆಗೆ ಬರುವ ಉಪಶಮನ ಆರೈಕೆಯ ಡಾಕ್ಟರು ಬೇಡ ಎನ್ನುತ್ತಾರೆ. ಬೇಡ ಎಂದಾಗ ನನಗೆ ಹಗುರವಾಯಿತು. ಅದು ಅಮ್ಮನಿಗಾಗಿಯೋ ದುಡ್ಡಿಗಾಗಿಯೋ ಎಂದು ರಾತ್ರಿಯಿಡೀ ಕೊರೆಯುತ್ತಿದೆ.

ಮನೆ ಆರೈಕೆಯ ನರ್ಸ್:
ಮಾವನವರು ಕೇಳುತ್ತಿರುವುದು ಬಹುಶಃ "ಗ್ಲೂಕೋಸ್". ಅರ್ಧ ಲೀಟರಿನ 5% ಬಾಟಲಿಯಲ್ಲಿ ಇರುವುದು 25 ಗ್ರಾಂ ಸಕ್ಕರೆ, ಸುಮಾರು ಒಂದು ಬಾಳೆಹಣ್ಣಿನ ಬಲ. ಟಿಪಿಎನ್ ಬೇರೆ: ಗ್ಲೂಕೋಸ್, ಅಮೈನೋ ಆಮ್ಲ, ಕೊಬ್ಬು ಸೇರಿದ ಹಾಲಿನ ಬಣ್ಣದ ಚೀಲ. ಅಷ್ಟು ಗಾಢವಾದದ್ದನ್ನು ಕೈಯ ಸಣ್ಣ ರಕ್ತನಾಳ ಹೆಚ್ಚು ದಿನ ತಾಳದು. ತೋಳಿನಿಂದ ಹೃದಯದ ಹತ್ತಿರದವರೆಗೆ ಕೊಳವೆ ತೂರಿಸಬೇಕು. ಸೋಂಕು ನುಗ್ಗುವುದೂ ಅಲ್ಲಿಂದಲೇ. ಮೇಲೆ ಪದೇಪದೇ ರಕ್ತಪರೀಕ್ಷೆ, ಏರುವ ಸಕ್ಕರೆ, ಊದುವ ಕಾಲು.

ಊಟ ಬಿಟ್ಟಿದ್ದಕ್ಕೆ ಸೊರಗಿದರು ಎಂದು ನೆಂಟರೆಲ್ಲ ಹೇಳುತ್ತಾರೆ. ಈ ಹಂತದಲ್ಲಿ ರೋಗ ಎಬ್ಬಿಸಿದ ಉರಿಯೂತವೇ ಸ್ನಾಯುವನ್ನು ಕರಗಿಸುತ್ತದೆ, ಹಸಿವನ್ನೂ ಅಡಗಿಸುತ್ತದೆ. ಕ್ಯಾಕೆಕ್ಸಿಯಾ ಎನ್ನುವುದು ಇದಕ್ಕೇ. ರಕ್ತಕ್ಕೆ ಸುರಿದದ್ದು ಮೈ ಹಿಡಿಯುವುದಿಲ್ಲ. ಮುಂದುವರಿದ ಕ್ಯಾನ್ಸರಿನಲ್ಲಿ ಹೀಗೆ ಸೊರಗಿದವರಿಗೆ ವಾಡಿಕೆಯಂತೆ ಇದನ್ನು ಕೊಡಬೇಡಿ ಎಂದು ಅಮೆರಿಕದ ಕ್ಯಾನ್ಸರ್ ತಜ್ಞರ ಸಂಘವೂ 2020ರಲ್ಲಿ ಹೇಳಿದೆ. ದುಡ್ಡಿದ್ದವರಿಗೂ ನಾನು ಇದನ್ನೇ ಹೇಳುತ್ತೇನೆ.

ಮಲ್ಲೇಶ್ವರದಾಕೆ:
ಎಲ್ಲರಿಗೂ ಬೇಡ ಎನ್ನಬೇಡಿ. ನನ್ನ ಯಜಮಾನರಿಗೆ ಕರುಳು ಕಟ್ಟಿಕೊಂಡಿತ್ತು. ಹಸಿವಿತ್ತು, ಕೆಳಗೆ ಇಳಿಯುತ್ತಿರಲಿಲ್ಲ. ಮನೆಯಲ್ಲೇ ಹನ್ನೊಂದು ವಾರ, ರಾತ್ರಿ ಹನ್ನೆರಡು ಗಂಟೆ ಹರಿಸುತ್ತಿದ್ದೆವು. ಬೆಳಿಗ್ಗೆ ಸ್ಯಾಂಕಿ ಕೆರೆಗೆ ಒಂದು ಸುತ್ತು ಬರುತ್ತಿದ್ದರು. ಒಮ್ಮೆ ಚಳಿಜ್ವರ ಬಂದು ಕೊಳವೆಯನ್ನೇ ಕೀಳಬೇಕಾಯಿತು, ಆದರೂ ಹಾಕಿಸಿದ್ದಕ್ಕೆ ಪಶ್ಚಾತ್ತಾಪವಿಲ್ಲ. ನಿಮ್ಮ ಅಮ್ಮನಿಗೆ ಕರುಳು ತೆರೆದೇ ಇದೆಯೇ ಎಂದು ಡಾಕ್ಟರನ್ನು ಕೇಳಿದ್ದೀರಾ? ಹೌದಾದರೆ, ಹಾಸಿಗೆ ಹಿಡಿದವರಿಗೆ ನಾನಾದರೆ ಹಾಕಿಸುವುದಿಲ್ಲ.

ಬಸವನಗುಡಿಯವ:
ಕೇಳಿದೆ. ಕರುಳು ಕಟ್ಟಿಲ್ಲ. ಹಾಕಿಸುತ್ತಿಲ್ಲ.

ಭಾನುವಾರ ಮಾವ ಬಂದರು. ಡಾಕ್ಟರು ಅವರ ಎದುರಿಗೇ ಅಮ್ಮನನ್ನು "ಹಸಿವಾಗುತ್ತಿದೆಯೇ?" ಎಂದು ಕೇಳಿದರು. ಅಮ್ಮ ತಲೆ ಅಲ್ಲಾಡಿಸಿ, "ಬಾಯಿ ಒಣಗುತ್ತದೆ, ಅಷ್ಟೇ" ಎಂದರು. ಮಾವ ಆಮೇಲೆ ನನ್ನೊಡನೆ ಮಾತಾಡಲಿಲ್ಲ. ಒದ್ದೆ ಹತ್ತಿಯಿಂದ ಅಕ್ಕನ ತುಟಿ ಒರೆಸುತ್ತ ಸಂಜೆಯವರೆಗೆ ಕೂತಿದ್ದರು. ಮಾವಿನಕಾಯಿ ಗೊಜ್ಜನ್ನು ಬೆರಳ ತುದಿಯಲ್ಲಿ ನೆಕ್ಕಿಸಿದರೆ ಅಮ್ಮ, "ಉಪ್ಪು ಸಾಲದು" ಎಂದರು.

ತುಟಿ ಬಿರಿಯುತ್ತಿದೆ. ತುಪ್ಪ ಸವರಬಹುದೇ?

ಮನೆ ಆರೈಕೆಯ ನರ್ಸ್:
ಆಕ್ಸಿಜನ್ ಹಚ್ಚಿಲ್ಲವಾದರೆ ತೆಳುವಾಗಿ ಸವರಿ. ಮಂಜುಗಡ್ಡೆಯನ್ನು ಪುಡಿ ಮಾಡಿ, ಎಚ್ಚರವಿದ್ದಾಗ ಮಾತ್ರ, ಚಿಟಿಕೆಯಷ್ಟು ನಾಲಿಗೆಯ ಮೇಲಿಡಿ.