ಟಿಶ್ಯೂ ಮಾರ್ಕರ್: ‘ಸೂಚಕ’ವೋ ‘ಗುರುತೋ’?

ಎಲ್ಲರಿಗೂ ನಮಸ್ಕಾರ.

ಗರ್ಭಕಂಠದ ಒಂದು ಅಪರೂಪದ ಕ್ಯಾನ್ಸರ್ ಬಗ್ಗೆ ಕನ್ನಡದಲ್ಲಿ ಬರೆಯಲು ಕೂತಿದ್ದೇನೆ. ಹೆಸರು ಮೀಸೊನೆಫ್ರಿಕ್ ಅಡೆನೊಕಾರ್ಸಿನೋಮ. ಮೂರು ಪದಗಳಲ್ಲಿ ಸಿಕ್ಕಿಹಾಕಿಕೊಂಡಿದ್ದೇನೆ.

ಮೊದಲು ವಿಷಯ ಹೇಳಿಬಿಡುತ್ತೇನೆ. ಗರ್ಭಕಂಠದ ಕ್ಯಾನ್ಸರಿಗೆ ಹೆಚ್ಚಾಗಿ ಎಚ್‌ಪಿವಿ ವೈರಸ್ ಕಾರಣ. ಇದನ್ನು ತೋರಿಸಿಕೊಟ್ಟ ಹರಾಲ್ಡ್ ಜುರ್ ಹೌಸೆನ್ ಅವರಿಗೆ 2008ರಲ್ಲಿ ನೊಬೆಲ್ ಬಂತು. ನಾನು ಹೇಳುತ್ತಿರುವ ಕ್ಯಾನ್ಸರಿಗೂ ಆ ವೈರಸ್ಸಿಗೂ ಸಂಬಂಧವಿಲ್ಲ. ಭ್ರೂಣದಲ್ಲಿ ಮೊದಲು ಎಲ್ಲರಿಗೂ ವೋಲ್ಫ್ ನಾಳ ಅಂತ ಒಂದು ಜೋಡಿ ಇರುತ್ತದೆ. ಗಂಡುಮಗುವಿನಲ್ಲಿ ಅದೇ ಮುಂದೆ ವೀರ್ಯನಾಳವಾಗುತ್ತದೆ. ಹೆಣ್ಣುಮಗುವಿನಲ್ಲಿ ಬಹುಪಾಲು ಕರಗಿಹೋಗುತ್ತದೆ. ಅಲ್ಲೊಂದು ಇಲ್ಲೊಂದು ಚೂರು ಗರ್ಭಕಂಠದ ಪಕ್ಕದ ಗೋಡೆಯೊಳಗೆ ಉಳಿದಿರುತ್ತದೆ, ಸಾಮಾನ್ಯವಾಗಿ ಯಾವ ತೊಂದರೆಯನ್ನೂ ಕೊಡದೆ. ತೀರಾ ಅಪರೂಪಕ್ಕೆ ಅದೇ ಚೂರು ಕ್ಯಾನ್ಸರ್ ಆಗುತ್ತದೆ.

ಈಗ ಮೊದಲನೆಯ ತೊಡಕು. ‘ಮೀಸೊನೆಫ್ರೋಸ್’ ಎಂದರೆ ಭ್ರೂಣದಲ್ಲಿ ಒಂದರ ನಂತರ ಒಂದು ಮೂಡುವ ಮೂರು ಮೂತ್ರಪಿಂಡಗಳಲ್ಲಿ ಎರಡನೆಯದು. ವೋಲ್ಫ್ ನಾಳ ಅದರದ್ದೇ. ‘ನಡುಮೂತ್ರಪಿಂಡ’ ಅಂತ ಬರೆದೆ. ಮನೆಯಲ್ಲಿ ಓದಿದವರು “ನಡುವಿನ ಹತ್ತಿರ ಇರೋದಾ?” ಅಂದರು. ನಡು ಅಂದರೆ ಸೊಂಟವೂ ಹೌದಲ್ವಾ! ಅಳಿಸಿದೆ.

ಎರಡನೆಯದು ‘ಮಾರ್ಕರ್’, ಅಂದರೆ ಕೋಶ ಯಾವ ಅಂಗಾಂಶದಿಂದ ಬಂದದ್ದು ಎಂದು ತಿಳಿಯಲು ಹುಡುಕುವ ಪ್ರೋಟೀನ್. ನನ್ನ ತಲೆ ಜಾಸ್ತಿ ತಿಂದದ್ದು ಇದೇ. ರೂಢಿಯಲ್ಲಿರುವುದು ‘ಸೂಚಕ’. ಆದರೆ ರೋಗಸೂಚಕ, ಅಪಾಯಸೂಚಕ ಎಂದು ಓದಿ ಓದಿ, ಸೂಚಕ ಅಂದರೆ ಏನೋ ಕೆಟ್ಟದ್ದರ ಸುಳಿವು ಎನಿಸುತ್ತದೆ. ಇಲ್ಲಿ ಹಾಗಲ್ಲ. ತೆಗೆದ ಅಂಗಾಂಶದ ತೆಳು ಪದರಕ್ಕೆ ಪ್ರತಿಕಾಯ ಹಾಕಿ ಬಣ್ಣ ಬರಿಸುತ್ತಾರೆ. ‘ಗಾಟಾ-3’ ಎಂಬ ಪ್ರೋಟೀನ್ ಇದ್ದಲ್ಲಿ ಕಂದು ಬಣ್ಣ ಬರುತ್ತದೆ. ಅದು ಹೇಳುವುದು ರೋಗ ಎಷ್ಟಿದೆ ಎಂದಲ್ಲ, ಈ ಕೋಶ ಯಾರ ಮನೆಯದು ಎಂದು. ಹಾಗಾಗಿ ನನಗೆ ‘ಗುರುತು’ ಹಿಡಿಸಿದೆ. ಒಂದೇ ಗುರುತನ್ನು ನಂಬುವಂತೆಯೂ ಇಲ್ಲ. ಸ್ತನದ, ಮೂತ್ರಕೋಶದ ಕ್ಯಾನ್ಸರುಗಳಲ್ಲೂ ಗಾಟಾ-3 ಕಾಣುತ್ತದೆ. ಅದಕ್ಕೇ ಇನ್ನೂ ಕೆಲವು ಪ್ರೋಟೀನ್‌ಗಳನ್ನು ಸೇರಿಸಿ ನೋಡುತ್ತಾರೆ: ಸಿಡಿ-10 ಗ್ರಂಥಿಯ ಒಳಅಂಚಿನಲ್ಲಿ ಬಣ್ಣ ಹಿಡಿದಿರಬೇಕು, ಈಸ್ಟ್ರೊಜನ್ ಹಾರ್ಮೋನಿನ ಗ್ರಾಹಿ ಕಾಣಬಾರದು, ಪಿ-16 ಎಲ್ಲ ಕಡೆ ಒಂದೇ ಸಮ ಹರಡಿರಬಾರದು. ಊರಲ್ಲಿ ಹೊಸಬರನ್ನು ಕಂಡರೆ ಅಪ್ಪನ ಹೆಸರು, ಊರು, ಮನೆತನ ಎಲ್ಲ ಕೇಳಿ ತೀರ್ಮಾನಿಸುವ ಹಾಗೆ.

ಇದರ ಬಾಲವಾಗಿ ‘ಪಾಸಿಟಿವ್’. ಕೋವಿಡ್ ಆದಮೇಲೆ ಈ ಪದ ಕೇಳಿದರೆ ಜನ ಬೆಚ್ಚುತ್ತಾರೆ. ‘ಗಾಟಾ-3 ಬಣ್ಣ ಹಿಡಿದಿದೆ’ ಎಂದರೆ ಸಾಕಲ್ವಾ? ಸೀರೆಗೆ ಬಣ್ಣ ಹಿಡಿಯುವ ಮಾತು ಎಲ್ಲರಿಗೂ ಗೊತ್ತು.

ಮೂರನೆಯದು ‘ಆರಿಜಿನ್’. ‘ಮೂಲ’ ಅಂತ ಬರೆದರೆ ಮೂಲವ್ಯಾಧಿ ನೆನಪಾಗುತ್ತದೆ, ಅದೂ ಆರೋಗ್ಯದ ಬರಹದಲ್ಲಿ. ‘ಕಾರಣ’ ಬೇರೆಯೇ ಅರ್ಥ. ‘ಈ ಕ್ಯಾನ್ಸರಿನ ತವರು ವೋಲ್ಫ್ ನಾಳದ ಉಳಿಕೆ’ ಎಂದು ಬರೆದು ನೋಡಿದೆ. ಅರ್ಥವೇನೋ ಸರಿ ಕೂರುತ್ತದೆ, ಆದರೆ ತವರಿನಂಥ ಅಕ್ಕರೆಯ ಮಾತನ್ನು ಕ್ಯಾನ್ಸರಿಗೆ ಕೊಡಲು ಕೈ ಬರುತ್ತಿಲ್ಲ.

‘ಗುರುತು’ ಎಂದು ಬರೆದರೆ ಡಾಕ್ಟರುಗಳು ಒಪ್ಪುತ್ತಾರೆಯೇ? ತವರಿಗೆ ಬದಲು ಬೇರೆ ಮಾತು ಯಾರಿಗಾದರೂ ಹೊಳೆದರೆ ತಿಳಿಸಿ.